ಉಕ್ಕಿನಂತೆ ಕಾಣಲಿ, ಉಕ್ಕಿನಷ್ಟು ತೂಗದಿರಲಿ

ವೇಷಕ್ಕೆಂದು ಮಾಡುವ ಶಿರಸ್ತ್ರಾಣ ಕತ್ತಿಯೇಟನ್ನು ತಡೆಯಬೇಕಿಲ್ಲ. ತೊಟ್ಟವರ ಬೆವರು, ಬಿಸಿಲು, ಗಂಟೆಗಟ್ಟಲೆ ಓಡಾಟ ಇವನ್ನು ತಾಳಿಕೊಂಡರೆ ಸಾಕು. ಲೋಹದ ಹೊಳಪನ್ನು ಬಣ್ಣವೇ ಕೊಡಬಲ್ಲದು. ಆದ್ದರಿಂದ ಒಳಗಿನ ವಸ್ತುವನ್ನು ನೋಟಕ್ಕಾಗಿ ಆರಿಸದೆ, ಕುತ್ತಿಗೆಯನ್ನೂ ಕೀಲುಗಳನ್ನೂ ನೆನೆದು ಆರಿಸಬೇಕು.

ತಲೆಯನ್ನು ಪೂರ್ತಿ ಮುಚ್ಚುವ ಶಿರಸ್ತ್ರಾಣದ ಮೇಲ್ಮೈ ಸುಮಾರು 2000 ಚದರ ಸೆಂ.ಮೀ. ಎಂದಿಟ್ಟುಕೊಳ್ಳೋಣ. 1.2 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ ಮಾಡಿದರೆ ಅದು ಎರಡು ಕಿಲೋಗೆ ಹತ್ತಿರ ತೂಗುತ್ತದೆ. 2 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ಕಿನಲ್ಲಾದರೆ ಸುಮಾರು 420 ಗ್ರಾಂ. 10 ಮಿ.ಮೀ. ದಪ್ಪದ ಹಗುರ ಇವಿಎ ಫೋಮ್‌ನಲ್ಲಾದರೆ (ಗಾಳಿಗುಳ್ಳೆಗಳಿರುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆ) 200 ಗ್ರಾಂ ಆಸುಪಾಸು.

ಅಷ್ಟು ಮೆತ್ತನೆಯ ಫೋಮ್ ಆಕಾರ ಉಳಿಸಿಕೊಳ್ಳುವುದು ಹೇಗೆ? ಹಾಳೆಯೊಂದರ ಬಾಗದಿರುವ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟು! ಫೋಮ್‌ನೊಳಗಿನ ಗಾಳಿಗುಳ್ಳೆಗಳು ತೂಕ ಹೆಚ್ಚಿಸದೆ ದಪ್ಪವನ್ನು ಕೊಡುತ್ತವೆ. ಬುರುಡೆಯ ಆಕಾರಕ್ಕೆ ಬಾಗಿಸಿದಾಗ ಬಿಗಿತ ಇನ್ನಷ್ಟು ಸಿಗುತ್ತದೆ. ಹೀಟ್ ಗನ್ನಿನ ಬಿಸಿಗಾಳಿ ತಾಗಿಸಿದರೆ ಮೇಲ್ಪದರದ ಗುಳ್ಳೆಗಳು ಕುಸಿದು ನುಣುಪಾದ ತೊಗಲಿನಂತಾಗುತ್ತವೆ, ಆಗ ಬಣ್ಣ ಒಳಗೆ ಇಂಗುವುದಿಲ್ಲ. ಬಣ್ಣ ಬಳಿಯುವ ಮುನ್ನ ಬಾಗಬಲ್ಲ ರಬ್ಬರಿನಂಥ ಲೇಪವೊಂದು ಬೇಕೇ ಬೇಕು. ಗಡುಸಾದ ಪ್ರೈಮರ್ ಹಚ್ಚಿದರೆ, ಫೋಮ್ ಮಣಿದಾಗ ಅದು ಮಣಿಯದೆ ಬಿರುಕು ಬಿಡುತ್ತದೆ.

ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಮುದ್ರಿಸುವ ತ್ರೀಡಿ ಪ್ರಿಂಟರಿನಿಂದ ಬರುವ ಸೂಕ್ಷ್ಮ ಕೆತ್ತನೆ ಫೋಮ್‌ನಲ್ಲಿ ಸಾಧ್ಯವಿಲ್ಲ, ನಿಜ. ಆದರೆ ಮುದ್ರಣಕ್ಕೆ ಹೆಚ್ಚಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗತೊಡಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟುಹೋದರೆ ಅದು ಸೊಟ್ಟಗಾಗಬಹುದು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸುಮಾರು 80ರವರೆಗೆ, ಎಬಿಎಸ್ 100 ಡಿಗ್ರಿಯವರೆಗೆ ತಾಳುತ್ತದೆ. ಮುದ್ರಿತ ಭಾಗ ಕೆಳಗೆ ಬಿದ್ದರೆ ಬಹುಪಾಲು ಪದರಗಳ ನಡುವೆಯೇ ಸೀಳುತ್ತದೆ. ಒಳಗಿನಿಂದ ರಾಳ (ಗಟ್ಟಿಯಾಗುವ ಅಂಟುದ್ರವ) ಸವರಿದರೆ ಬಲ ಬರುತ್ತದೆ, ಜೊತೆಗೆ ತೂಕವೂ.

ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಗಟ್ಟಿಮಾಡುವ ಫೈಬರ್‌ಗ್ಲಾಸ್ ತೆಳ್ಳಗಿದ್ದೂ ಗಟ್ಟಿ. ಆದರೂ ಮನೆಯ ಕೋಣೆಯಲ್ಲಿ ಅದರ ಕೆಲಸ ಬೇಡವೆನ್ನುತ್ತೇನೆ. ಅದಕ್ಕೆ ಬಳಸುವ ಪಾಲಿಯೆಸ್ಟರ್ ರಾಳದಿಂದ ಸ್ಟೈರೀನ್ ಎಂಬ ಹಾನಿಕರ ರಾಸಾಯನಿಕದ ಆವಿ ಏಳುತ್ತದೆ, ಉಜ್ಜಿದರೆ ಗಾಜಿನ ಎಳೆಗಳ ಧೂಳು ಚರ್ಮವನ್ನೂ ಶ್ವಾಸವನ್ನೂ ಕಾಡುತ್ತದೆ. ಗಾಳಿಯಾಡುವ ಜಾಗ, ಕೈಗವಸು, ಆವಿಯನ್ನೂ ಧೂಳನ್ನೂ ತಡೆಯುವ ಮಾಸ್ಕ್ ಇದ್ದವರಿಗಷ್ಟೇ ಅದು ಸರಿ.

ಇಡೀ ಕವಚ ಒಂದೇ ವಸ್ತುವಿನಲ್ಲಿರಬೇಕೆಂಬ ಹಟ ಯಾಕೆ? ಮುಖವಾಡವನ್ನು ಮುದ್ರಿಸಿ, ಎದೆಫಲಕಕ್ಕೆ ಎಬಿಎಸ್ ಹಾಳೆ ಬಳಸಿ, ಮೊಣಕೈ ಮೊಣಕಾಲುಗಳಿಗೆ ಮಣಿಯುವ ಫೋಮ್ ಬಿಡುವುದು ಜಾಣತನ. ಸುಮ್ಮನೆ ಕುಳಿತ ದೇಹವೇ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತದೆ, ನಡೆದಾಡಿದರೆ ಇನ್ನೂ ಹೆಚ್ಚು. ಫೋಮ್ ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಗಾಳಿಗಂಡಿಗಳ ಜಾಗವನ್ನು ನಕ್ಷೆ ಬರೆಯುವಾಗಲೇ ಗೊತ್ತುಮಾಡಬೇಕು: ಬಾಯಿಯ ಬಳಿ ಒಂದು, ನೆತ್ತಿಯ ಹಿಂದೆ ಇನ್ನೊಂದು. ಬಿಸಿಗಾಳಿ ತಾನೇ ಮೇಲೇರಿ ಹೊರಹೋಗುತ್ತದೆ.