ಏಟು ಬಿದ್ದಾಗ ಏಳುವ ಜೀನ್‌ಗಳು

ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 42 ಡಿಗ್ರಿ ಮುಟ್ಟಿದರೆ ಊರಿನವರು ಅಚ್ಚರಿಪಡುವುದಿಲ್ಲ. ಮೈಯೂ ಅಷ್ಟೇ, ಬೆವರು ಹರಿಸಿ ಒಳಗಿನ ಶಾಖವನ್ನು 37ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಅದೇ 42 ಡಿಗ್ರಿಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಮನುಷ್ಯನ ಜೀವಕೋಶಗಳಿಗೆ ನೇರವಾಗಿ ತಾಗಿಸಿದರೆ ಕತೆ ಬೇರೆ. ಅವು ದಿನದ ಕೆಲಸವನ್ನೆಲ್ಲ ಬದಿಗಿಟ್ಟು ಹೀಟ್ ಶಾಕ್ ಪ್ರೋಟೀನ್ (ಎಚ್‌ಎಸ್‌ಪಿ) ಎಂಬ ಕಾಪಾಡುವ ಪ್ರೋಟೀನ್‌ಗಳನ್ನು ಭರದಿಂದ ತಯಾರಿಸಲು ಕೂರುತ್ತವೆ.

ಇದರ ಸುಳಿವು ಸಿಕ್ಕಿದ್ದು ನೊಣದಲ್ಲಿ. ತಿಕೋಟಾ ಕಡೆಯ ತೋಟಗಳಲ್ಲಿ ಕೊಳೆತ ದ್ರಾಕ್ಷಿಗೆ ಮುತ್ತುತ್ತವಲ್ಲ, ಆ ಜಾತಿಯ ಸಣ್ಣ ಹಣ್ಣುನೊಣ. ಇಟಲಿಯ ವಿಜ್ಞಾನಿ ಫೆರುಚಿಯೋ ರಿಟೋಸ್ಸಾ ಅದರ ಮರಿಹುಳುವಿನ ಜೊಲ್ಲುಗ್ರಂಥಿಯ ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರಿನ ಶಾಖ ಏರಿಸಿಬಿಟ್ಟಿದ್ದರು. ಎಂದೂ ಉಬ್ಬದ ಜಾಗಗಳಲ್ಲಿ ಕ್ರೋಮೋಸೋಮ್ ಉಬ್ಬಿತ್ತು. ಉಬ್ಬು ಅಂದರೆ ಅಲ್ಲಿನ ಜೀನ್ ದುಡಿಯುತ್ತಿದೆ ಎಂದರ್ಥ. 1962ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಆಗ ಹೆಚ್ಚು ಜನ ಲೆಕ್ಕಕ್ಕೆ ಇಡಲಿಲ್ಲ.

ಮೊಟ್ಟೆ ಬೇಯಿಸಿದಾಗ ಲೋಳೆ ಬೆಳ್ಳಗೆ ಗಟ್ಟಿಯಾಗುವಂತೆ, ಶಾಖಕ್ಕೆ ಕೋಶದೊಳಗಿನ ಪ್ರೋಟೀನ್‌ಗಳೂ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಮೊದಲಾದವು ಅವನ್ನು ಹಿಡಿದು ಮತ್ತೆ ಸರಿಯಾಗಿ ಮಡಚುತ್ತವೆ. ಇವುಗಳ ಜೀನ್‌ಗಳನ್ನು ಚಾಲೂ ಮಾಡುವುದು ಎಚ್‌ಎಸ್‌ಎಫ್1 ಎಂಬ ಇನ್ನೊಂದು ಪ್ರೋಟೀನ್. ನೆಮ್ಮದಿಯ ಹೊತ್ತಿನಲ್ಲಿ ಅದನ್ನು ಎಚ್‌ಎಸ್‌ಪಿ90 ಮುಂತಾದವು ಹಿಡಿದು ಕೂರಿಸಿರುತ್ತವೆ. ಕೆಟ್ಟ ಪ್ರೋಟೀನ್‌ಗಳು ಹೆಚ್ಚಾದರೆ ಈ ಎಚ್‌ಎಸ್‌ಪಿಗಳು ಆ ಕಡೆ ಓಡುತ್ತವೆ. ಹಿಡಿತ ತಪ್ಪಿದ ಎಚ್‌ಎಸ್‌ಎಫ್1 ಮೂರು ಮೂರಾಗಿ ಕೂಡಿ ಡಿಎನ್‌ಎಯನ್ನು ಹಿಡಿಯುತ್ತದೆ.

ಇದಕ್ಕೆ ಶಾಖವೇ ಬೇಕೆಂದಿಲ್ಲ, ಕ್ಯಾನ್ಸರ್ ಔಷಧಿಯೂ ಸಾಕು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಬೋರ್ಟೆಜೋಮಿಬ್, ಕೋಶವು ಹಳೆಯ ಪ್ರೋಟೀನ್‌ಗಳನ್ನು ತುಂಡರಿಸುವ ಯಂತ್ರವನ್ನೇ ಕಟ್ಟಿಹಾಕುತ್ತದೆ. ಕಸ ತುಂಬಿ ಕೋಶ ಸಾಯಬೇಕು. ಸಾಯುವ ಮುಂಚೆ ಅದು ಎಚ್‌ಎಸ್‌ಪಿ70ರ ಜೀನ್ ಹೊತ್ತಿಸಿಕೊಂಡು ಬದುಕಲು ನೋಡುತ್ತದೆ.

(ಶಾಖದ ಮಾತು ಬಂತೆಂದು ಜ್ವರವನ್ನು ಇದಕ್ಕೆ ಗಂಟು ಹಾಕಬೇಡಿ. ಕೀಮೋ ನಡೆದಿರುವಾಗ ಜ್ವರ ಬಂದರೆ ಅದು ಸೋಂಕಿರಬಹುದು. ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.)

ನನಗೆ ಹೆಚ್ಚು ಸೋಜಿಗವೆನಿಸುವುದು ಎಚ್‌ಎಸ್‌ಪಿ90ನ್ನೇ ತಡೆಯುವ ಔಷಧಿಗಳು. ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುವ ಜೆಲ್ಡಾನಮೈಸಿನ್ ಈ ಕೆಲಸ ಮಾಡುತ್ತದೆಂದು 1994ರಲ್ಲಿ ಗೊತ್ತಾಯಿತು. ಗಡ್ಡೆ ಬೆಳೆಸುವ ಹಲವು ಪ್ರೋಟೀನ್‌ಗಳು ಎಚ್‌ಎಸ್‌ಪಿ90ರ ಆಸರೆಯಲ್ಲೇ ನಿಂತಿರುವುದರಿಂದ ಇದು ಒಳ್ಳೆಯ ಗುರಿ. ಆದರೆ ಎಚ್‌ಎಸ್‌ಎಫ್1ನ ಕಾವಲುಗಾರನೂ ಅದೇ. ಅದನ್ನು ತಡೆದೊಡನೆ ಎಚ್‌ಎಸ್‌ಪಿ70 ಏರುತ್ತದೆ. ಈ ಏರಿಕೆಯನ್ನು ರೋಗಿಯ ಬಿಳಿ ರಕ್ತಕಣಗಳಲ್ಲಿ ಅಳೆದು, ಔಷಧಿ ಗುರಿ ಮುಟ್ಟಿದೆ ಎಂದು ಸಂಶೋಧಕರು ಲೆಕ್ಕ ಹಾಕುತ್ತಾರೆ. ಕ್ಯಾನ್ಸರ್ ಕೋಶ ಸಾವಿನಿಂದ ತಪ್ಪಿಸಿಕೊಳ್ಳಲು ನೆರವಾಗುವುದೂ ಅದೇ ಎಚ್‌ಎಸ್‌ಪಿ70!

ಹಾಗಾದರೆ ಎರಡನ್ನೂ ಒಟ್ಟಿಗೆ ಹೊಡೆದು ಮುಗಿಸಬಾರದೇ? ಹೃದಯಕ್ಕೂ ನರಗಳಿಗೂ ಇವೇ ಪ್ರೋಟೀನ್‌ಗಳು ಬೇಕು, ತೊಡಕು ಇರುವುದು ಅಲ್ಲಿ. ಜಪಾನ್ 2022ರಲ್ಲಿ ಒಂದು ಬಗೆಯ ಹೊಟ್ಟೆ-ಕರುಳಿನ ಗಡ್ಡೆಗೆ ಒಪ್ಪಿದ ಪಿಮಿಟೆಸ್ಪಿಬ್ ಎಂಬ ಎಚ್‌ಎಸ್‌ಪಿ90 ತಡೆಯುವ ಗುಳಿಗೆಯನ್ನೂ ಐದು ದಿನ ಕೊಟ್ಟು ಎರಡು ದಿನ ಬಿಡುತ್ತಾರೆ.