ಅಗೆಯುವ ಮೊದಲು ಒಂದು ಮಾತು ಕೇಳಬೇಕಿತ್ತೇ?

ಗುಲಾಮರ ಸಮಾಧಿಗಳು ಸಿಕ್ಕಿವೆ, ಪುರಾತತ್ವದವರು ಜೋಪಾನವಾಗಿ ಅಗೆಯುತ್ತಿದ್ದಾರೆ, ಆ ಗುಲಾಮರ ವಂಶದವರೇ ಬಂದು ‘ನಿಲ್ಲಿಸಿ’ ಅನ್ನುತ್ತಿದ್ದಾರೆ. 2021ರಲ್ಲಿ ಕೆರಿಬಿಯನ್‌ನ ಸೇಂಟ್ ಯುಸ್ಟೇಷಿಯಸ್ ದ್ವೀಪದಲ್ಲಿ ನಡೆದದ್ದು ಇದೇ. ದೂರದಿಂದ ನೋಡಿದವರಿಗೆ ವಿಚಿತ್ರ ಅನಿಸಿತು.

ಊರಿನವರು ಇದನ್ನು ಸ್ಟೇಷಿಯಾ ಅನ್ನುತ್ತಾರೆ. 21 ಚದರ ಕಿ.ಮೀ., ಸುಮಾರು 3 ಸಾವಿರ ಜನ. 1636ರಲ್ಲಿ ಡಚ್ಚರು ಬಂದರು, ಸುಂಕವಿಲ್ಲದ ಬಂದರು ಮಾಡಿದರು, ಸಕ್ಕರೆ, ಮದ್ದುಗುಂಡಿನ ಜೊತೆ ಮನುಷ್ಯರನ್ನೂ ಮಾರಿ ದುಡ್ಡು ಮಾಡಿದರು, 1863ರ ಜುಲೈ 1ಕ್ಕೆ ಗುಲಾಮಗಿರಿ ನಿಂತಿತು. ಅಲ್ಲಿನ ದಡದಲ್ಲಿ ಈಗಲೂ ಐದು ಮುಖದ ನೀಲಿ ಗಾಜಿನ ಮಣಿಗಳು ಸಿಗುತ್ತವೆ. ಬಿಡುಗಡೆಯ ದಿನ ಗುಲಾಮರು ಅವನ್ನು ಕಡಲಿಗೆ ಎಸೆದರು ಅಂತ ಕತೆ. ನೀವು ಮಣಿ ಹುಡುಕೋದಲ್ಲ, ಮಣಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತೆ ಅನ್ನುತ್ತಾರೆ. ಮಣಿ ಆರಿಸೋಕೆ ಯಾರನ್ನೂ ಕೇಳಬೇಕಿಲ್ಲ. ಎಲುಬಿನ ವಿಷಯ ಹಾಗಲ್ಲ ಅಲ್ವಾ?

2021ರಲ್ಲಿ ಬೇಕಾಗಿದ್ದು ಸುಮ್ನೆ ಮಣ್ಣು. ವಿಮಾನ ನಿಲ್ದಾಣದ ಕೆಲಸಕ್ಕೆ ಹಳೆಯ ಗೋಲ್ಡನ್ ರಾಕ್ ತೋಟದ ಜಾಗದಿಂದ ಮಣ್ಣು ತೆಗೆಯಬೇಕಿತ್ತು, ಅದಕ್ಕೂ ಮೊದಲು ಪುರಾತತ್ವದ ಪರಿಶೀಲನೆ ಆಗಬೇಕು, ಆಯಿತು. ಜೂನ್ ಹೊತ್ತಿಗೆ 48 ಅಸ್ಥಿಪಂಜರ. ಹೆಚ್ಚಿನವರು ಗಂಡಸರು, ಹೆಂಗಸರೂ ಹಸುಗೂಸುಗಳೂ ಇದ್ದರು. ಇಬ್ಬರ ಹಲ್ಲುಗಳನ್ನು ಪಶ್ಚಿಮ ಆಫ್ರಿಕಾದ ಪದ್ಧತಿಯಂತೆ ಕೆತ್ತಿ ಆಕಾರ ಕೊಟ್ಟಿತ್ತು. ಅಂದರೆ ಅವರು ಬಹುಶಃ ಅಲ್ಲೇ ಹುಟ್ಟಿ, ಹಡಗಿನಲ್ಲಿ ಇಲ್ಲಿಗೆ ಬಂದವರು. 1737ರ ಒಂದು ನಾಣ್ಯವೂ ಸಿಕ್ಕಿತು, ಮೇಲೆ ಇಂಗ್ಲೆಂಡಿನ ಎರಡನೇ ಜಾರ್ಜ್ ರಾಜನ ಮುಖ. ಬಾರ್ಬಡೋಸ್ ದ್ವೀಪದ ನ್ಯೂಟನ್ ತೋಟದಲ್ಲಿ ಸಿಕ್ಕ ಗುಲಾಮರ ಸಮಾಧಿ ಭೂಮಿಗೆ ಹೋಲಿಸುವಷ್ಟು ದೊಡ್ಡ ಶೋಧ ಇದು. ಹೊರಗಿನಿಂದ ಸಂಶೋಧಕರು ಬಂದರು, ಸುದ್ದಿಯಾಯಿತು.

ಊರಿನವರ ಒಪ್ಪಿಗೆ ಪಡೆಯುವ ಕೆಲಸ ಮಾತ್ರ ಹಿಂದೆ ಬಿತ್ತು. ಕಾಗದಪತ್ರ ಸರಿಯಿತ್ತು ಅಂತ ವಾದ ಮಾಡಬಹುದು, ಮಾಡಿದರು ಕೂಡ. ಆದರೆ ಆಗಿನ ಹೊತ್ತು ನೋಡಿ. ದ್ವೀಪ ಈಗಲೂ ನೆದರ್ಲೆಂಡ್ಸ್‌ಗೆ ಸೇರಿದ್ದು. 2018ರಲ್ಲಿ ಅಲ್ಲಿನ ಸರ್ಕಾರ ದ್ವೀಪದ ಚುನಾಯಿತ ಮಂಡಳಿಯನ್ನು ವಿಸರ್ಜಿಸಿ ತನ್ನ ಆಯುಕ್ತರನ್ನು ಕೂರಿಸಿತ್ತು, ಮತ್ತೆ ಚುನಾವಣೆ ನಡೆದದ್ದು 2020ರ ಅಕ್ಟೋಬರ್‌ನಲ್ಲಿ. ತಮ್ಮನ್ನು ಯಾರೂ ಕೇಳೋದಿಲ್ಲ ಅನ್ನೋ ಸಿಟ್ಟು ಸಮಾಧಿಗಿಂತ ಮೊದಲೇ ಇತ್ತು. ಪ್ರತಿಭಟನೆ ಜೋರಾಯಿತು, ಜುಲೈನಲ್ಲಿ ಅಗೆತ ನಿಂತಿತು. ಅಷ್ಟರಲ್ಲಿ 69 ಮಂದಿಯ ಅಸ್ಥಿ ಮೇಲೆ ಬಂದಿತ್ತು.

ಊರಿನವರನ್ನು ಜೊತೆ ಸೇರಿಸಿಕೊಂಡು ಮಾಡುವ ಕೆಲಸಕ್ಕೆ ಸಮುದಾಯ ಪುರಾತತ್ವ ಅನ್ನುತ್ತಾರೆ. ಹಾಗಂದರೆ ಊರಿನ ನಾಲ್ಕು ಹುಡುಗರ ಕೈಗೆ ಬ್ರಷ್ ಕೊಟ್ಟು ಫೋಟೊ ತೆಗೆಯೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟೇ ಅಲ್ಲ, ಅಗೆಯಬೇಕಾ, ಎಲುಬಿನ ಮೇಲೆ ಯಾವ ಪರೀಕ್ಷೆ ಮಾಡಬಹುದು, ಮತ್ತೆ ಎಲ್ಲಿ ಹೂಳಬೇಕು, ಇವನ್ನು ಊರಿನವರು ಕೂತು ತೀರ್ಮಾನಿಸಬೇಕು ಅನ್ನೋದು ಸ್ಟೇಷಿಯಾದವರ ವಾದ.

ಅವರ ಅನುಮಾನಕ್ಕೆ ಹಳೆಯ ಕಾರಣವೂ ಇದೆ. 1980ರ ದಶಕದಲ್ಲಿ ಇದೇ ವಿಮಾನ ನಿಲ್ದಾಣದ ಹತ್ತಿರ ಮೂಲನಿವಾಸಿಗಳ ಎಲುಬುಗಳನ್ನು ಅಗೆದು ನೆದರ್ಲೆಂಡ್ಸ್‌ಗೆ ಒಯ್ದಿದ್ದರು. 9 ಮಂದಿಯ ಅಸ್ಥಿ ದ್ವೀಪಕ್ಕೆ ವಾಪಸು ಬಂದದ್ದು 2023ರಲ್ಲಿ.