ಒಂದು ಚುಕ್ಕೆ, ಒಂದು ‘ನಾನು’: ರಾಜಕೀಯ ಬರಹದಲ್ಲಿ ಒತ್ತು ಬಿದ್ದ ಬಗೆ

ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಒಂದು ಚುಕ್ಕೆಯ ತಕರಾರು ಇನ್ನೂ ಮುಗಿದಿಲ್ಲ. ಬದುಕು, ಸ್ವಾತಂತ್ರ್ಯ, ಸುಖವನ್ನು ಅರಸುವ ಹಕ್ಕು ಎಂಬ ಮಾತಾದ ಮೇಲೆ ಪೂರ್ಣವಿರಾಮ ಇದೆಯೋ ಇಲ್ಲವೋ? ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ನಕಲು ಪಠ್ಯದಲ್ಲಿ ಇತ್ತು. ಅದು ತಪ್ಪು ಎಂದು ವಿದ್ವಾಂಸೆ ಡೇನಿಯಲ್ ಅಲೆನ್ ವಾದಿಸಿದರು. 2014ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಮೂಲ ಹಾಳೆಯ ಶಾಯಿ ಮಾಸಿದೆ, ನೋಡಿ ಹೇಳುವುದು ಕಷ್ಟ.

ಒಂದು ಚುಕ್ಕೆಗೆ ಯಾಕಿಷ್ಟು ಜಗಳ? ಚುಕ್ಕೆ ಇದ್ದರೆ ಓದುವವರು ವ್ಯಕ್ತಿಯ ಹಕ್ಕುಗಳ ಹತ್ತಿರವೇ ನಿಲ್ಲುತ್ತಾರೆ, ಒತ್ತೂ ಅಲ್ಲೇ ಬೀಳುತ್ತದೆ. ಇಲ್ಲದಿದ್ದರೆ ಮಾತು ನಿಲ್ಲದೆ ಮುಂದೆ ಹೋಗುತ್ತದೆ: ಈ ಹಕ್ಕುಗಳನ್ನು ಕಾಪಾಡಲೆಂದೇ ಜನ ಸರ್ಕಾರ ಕಟ್ಟಿಕೊಳ್ಳುತ್ತಾರೆ, ಅದರ ಅಧಿಕಾರ ಜನರ ಒಪ್ಪಿಗೆಯಿಂದಲೇ ಬರುತ್ತದೆ. ಆಗ ಸರ್ಕಾರದ ಮಾತಿಗೂ ಹಕ್ಕಿನಷ್ಟೇ ತೂಕ.

ಈ ಚಿಹ್ನೆಗಳು ಹುಟ್ಟಿದ್ದೇ ಉಸಿರಿಗಾಗಿ. ಕ್ರಿಸ್ತಪೂರ್ವದಲ್ಲೇ ಅಲೆಕ್ಸಾಂಡ್ರಿಯದ ಗ್ರಂಥಪಾಲಕ ಅರಿಸ್ಟೋಫೇನಿಸ್ ಗಟ್ಟಿಯಾಗಿ ಓದುವವರಿಗೆಂದು ಚುಕ್ಕೆಗಳನ್ನು ತಂದ. ಅರ್ಧವಿರಾಮ 1490ರ ದಶಕದಲ್ಲಿ ವೆನಿಸ್‌ನ ಮುದ್ರಣಾಲಯದಿಂದ ಬಂತು. ಅಚ್ಚು ಹರಡಿದ ಮೇಲೆ, ಎಲ್ಲಿ ನಿಲ್ಲಬೇಕು ಅಂತ ಭಾಷಣಕಾರನ ಬದಲು ಹಾಳೆಯೇ ಹೇಳತೊಡಗಿತು.

ಚುಕ್ಕೆಯಂತೆ ‘ನಾನು’ ಎಂಬ ಮಾತಿನಿಂದಲೂ ಒತ್ತು ಬೀಳುತ್ತದೆ. 1898ರ ಜನವರಿ 13ರಂದು ಪ್ಯಾರಿಸ್‌ನ ‘ಲಾರೋರ್’ ಪತ್ರಿಕೆಯಲ್ಲಿ ಎಮಿಲ್ ಜೋಲಾ ಬರೆದ ಬಹಿರಂಗ ಪತ್ರ ಬಂತು. ದೇಶದ್ರೋಹದ ಸುಳ್ಳು ಆರೋಪದಲ್ಲಿ ಸೆರೆಯಲ್ಲಿದ್ದ ಸೇನಾಧಿಕಾರಿ ಡ್ರೇಫಸ್ ಪರವಾಗಿ ಬರೆದದ್ದು. ಶೀರ್ಷಿಕೆ ‘ನಾನು ಆರೋಪಿಸುತ್ತೇನೆ...!’ ಮೂರು ಚುಕ್ಕೆ, ಜೊತೆಗೆ ಆಶ್ಚರ್ಯಸೂಚಕ. ನನಗೆ ಅದಕ್ಕಿಂತ ಜಾಸ್ತಿ ನಾಟುವುದು ಪತ್ರದ ಕೊನೆಯ ಭಾಗ. ಪ್ಯಾರಾ ಮೇಲೆ ಪ್ಯಾರಾ ಅದೇ ಮಾತಿನಿಂದ ಶುರುವಾಗುತ್ತದೆ. ಹೆಚ್ಚಿನ ಸಲ ಹಿಂದೆಯೇ ಅಧಿಕಾರಿಗಳ ಹೆಸರೋ ಒಂದು ಕಚೇರಿಯ ಹೆಸರೋ ಬರುತ್ತದೆ. ಹೇಳುವವರು ಯಾರು, ಯಾರ ಮೇಲೆ ಹೇಳುತ್ತಿದ್ದಾರೆ, ಎರಡೂ ಕಣ್ಣೆದುರಿಗೇ ಇವೆ. ಆ ‘ನಾನು’ ಸುಮ್ನೆ ಬಂದದ್ದಲ್ಲ. ಜೋಲಾಗೆ ಒಂದು ವರ್ಷದ ಜೈಲು ಶಿಕ್ಷೆಯಾಯಿತು, ಅವರು ಇಂಗ್ಲೆಂಡಿಗೆ ಹೋಗಬೇಕಾಯಿತು.

ಅಧಿಕಾರದ ಬರಹ ಇದರ ತದ್ವಿರುದ್ಧ. ‘ಕ್ರಮ ಕೈಗೊಳ್ಳಲಾಗುವುದು.’ ಕೈಗೊಳ್ಳುವವರು ಯಾರು? ವಾಕ್ಯದಲ್ಲಿ ಆಳೇ ಇಲ್ಲ, ಅಲ್ವಾ? ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣ ಬಯಲಾದ ಮೇಲೆ, 1987ರ ಜನವರಿ 27ರಂದು ಅಮೆರಿಕದ ಅಧ್ಯಕ್ಷ ರೇಗನ್ ಹೇಳಿದ್ದೂ ಹೀಗೇ: ಗಂಭೀರ ತಪ್ಪುಗಳು ನಡೆದವು. ಆ ವಾಕ್ಯದಲ್ಲಿ ಯಾರಿಂದ ಅಂತ ಹೇಳಲಿಲ್ಲ. ಫೆಬ್ರುವರಿ ಕೊನೆಗೆ ತನಿಖಾ ಆಯೋಗದ ವರದಿ ಬಂತು. ಮಾರ್ಚ್ 4ರಂದು ಟಿವಿಯಲ್ಲಿ ಮಾತಾಡುವಾಗ ವಾಕ್ಯಕ್ಕೆ ಕರ್ತೃ ಬಂದಿತ್ತು: ನಾನು ಮಾಡಿದ್ದಕ್ಕೂ ನನ್ನ ಆಡಳಿತ ಮಾಡಿದ್ದಕ್ಕೂ ಪೂರ್ತಿ ಹೊಣೆ ನಾನೇ ಹೊರುತ್ತೇನೆ.